ಕಡಲ ಗಾಳಿಯಲ್ಲಿ ನಿಂತ ಕಂಚಿಗೆ ರೆನೆಸಾನ್ಸ್ ವ್ಯಾಕ್ಸ್: ಬಳಸಿ ನೋಡಿದ ಮೇಲೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ರೆನೆಸಾನ್ಸ್ ವ್ಯಾಕ್ಸ್ ಒಳ್ಳೆಯ ಮೇಣ. ಬಯಲಿನಲ್ಲಿ ನಿಂತ ಕಂಚಿನ ಪ್ರತಿಮೆಗೆ ನಾನು ಇದನ್ನು ಧೈರ್ಯವಾಗಿ ಹಚ್ಚುತ್ತೇನೆ, ಕೇಳಿದವರಿಗೂ ಇದನ್ನೇ ಹೇಳುತ್ತೇನೆ. ಆದರೆ ಒಂದು ಸಲ ಹಚ್ಚಿ ಹತ್ತು ವರ್ಷ ಆ ಕಡೆ ತಿರುಗಿ ನೋಡದವರು ಈ ಡಬ್ಬಿಗೆ ದುಡ್ಡು ಹಾಕಬೇಡಿ. ಇದು ಪ್ರತಿವರ್ಷ ಕೈ ತಾಗಬೇಕಾದ ಮೇಣ. ನಮ್ಮ ಕರಾವಳಿಯಲ್ಲಾದರೆ ವರ್ಷಕ್ಕೆ ಎರಡು ಸಲ.

ನಾನು ಉಡುಪಿ ಜಿಲ್ಲೆಯ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಸಂಜೆ ಗಾಳಿ ಬೀಸಿದರೆ ತರಗತಿಯ ಕಿಟಕಿ ಸರಳಿಗೆ ಉಪ್ಪು ಕೂರುವಷ್ಟು ಹತ್ತಿರದಲ್ಲಿ ಕಡಲು ಇದೆ. ಶಾಲೆಯ ಅಂಗಳದಲ್ಲಿ ಸ್ಥಾಪಕರ ಎದೆಮಟ್ಟದ ಕಂಚಿನ ಪುತ್ಥಳಿ ಇದೆ. ಹಳೆ ವಿದ್ಯಾರ್ಥಿಗಳು ದುಡ್ಡು ಒಟ್ಟುಮಾಡಿ ಎರಕ ಹೊಯ್ಯಿಸಿದ್ದು. ಮೇಲೆ ಸೂರಿಲ್ಲ, ಸುತ್ತ ಮರವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೇರ ತಲೆ ಮೇಲೆ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಮುಟ್ಟಿದರೆ ಕೈ ಸುಡುತ್ತದೆ. ಒಂದು ಮೇಣವನ್ನು ಪರೀಕ್ಷೆ ಮಾಡಲು ಇದಕ್ಕಿಂತ ಕಷ್ಟದ ಜಾಗ ಸಿಗುವುದು ಅಪರೂಪ.

ಈಗ ಡಬ್ಬಿಯ ವಿಷಯ. ರೆನೆಸಾನ್ಸ್ ವ್ಯಾಕ್ಸ್ ಇಂಗ್ಲೆಂಡಿನದು. ಲಂಡನ್ನಿನ ಪಿಕ್ರಿಯೇಟರ್ ಎಂಬ ಕಂಪನಿಯ ಹೆಸರಿನಲ್ಲಿ ಪ್ರಸಿದ್ಧವಾದದ್ದು. ಇದರ ಮೂಲ ಪಾಕ ಹುಟ್ಟಿದ್ದು ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ, 1950ರ ದಶಕದಲ್ಲಿ. ಅದಕ್ಕೂ ಮೊದಲು ಸಂಗ್ರಹಾಲಯದವರು ಹೆಚ್ಚಾಗಿ ಜೇನುಮೇಣ, ಒಂದು ಜಾತಿಯ ತಾಳೆ ಎಲೆಯಿಂದ ಬರುವ ಕಾರ್ನೌಬಾ ಮೇಣಗಳನ್ನೇ ಬಳಸುತ್ತಿದ್ದರು. ಜೇನುಮೇಣದಲ್ಲಿ ಸ್ವಲ್ಪ ಆಮ್ಲದ ಅಂಶ ಇರುತ್ತದೆ. ಮರಕ್ಕೆ ಅದು ತೊಂದರೆ ಕೊಡದಿರಬಹುದು. ತಾಮ್ರ ಇರುವ ಲೋಹದ ಮೇಲೆ ವರ್ಷಗಟ್ಟಲೆ ಕೂತರೆ ಒಳ್ಳೆಯದಲ್ಲ. ಅದಕ್ಕೇ ಪೆಟ್ರೋಲಿಯಂನಿಂದ ತೆಗೆದ ಮೈಕ್ರೋಕ್ರಿಸ್ಟಲೈನ್ ಮೇಣಕ್ಕೆ ಸ್ವಲ್ಪ ಗಟ್ಟಿಯಾದ ಪಾಲಿಎಥಿಲೀನ್ ಮೇಣ ಸೇರಿಸಿ, ಪೇಂಟ್ ತೆಳು ಮಾಡಲು ಬಳಸುವ ವೈಟ್ ಸ್ಪಿರಿಟ್‌ನಲ್ಲಿ ಕರಗಿಸಿ ಈ ಪೇಸ್ಟ್ ಮಾಡಿದರು. ಆಮ್ಲ ಇಲ್ಲ, ಬಣ್ಣ ಇಲ್ಲ. ನೋಡಲು ಬೆಳ್ಳಗೆ, ಗಟ್ಟಿ ತುಪ್ಪದ ಹಾಗೆ. ಮುಚ್ಚಳ ತೆಗೆದರೆ ಪೇಂಟ್ ಅಂಗಡಿಯ ವಾಸನೆ ಬರುತ್ತದೆ.

ನಾನು ತರಿಸಿದ್ದು 200 ಮಿಲಿಲೀಟರ್‌ನ ಡಬ್ಬಿ. ಆನ್‌ಲೈನ್‌ನಲ್ಲಿ ಬಂತು. ಬೆಲೆ ಜಾಸ್ತಿಯೇ. ಹೊರದೇಶದಿಂದ ಬರುವ ವಸ್ತು, ಮಾರುವವರು ತಮಗೆ ತೋಚಿದ ಬೆಲೆ ಹಾಕುತ್ತಾರೆ. ನಾಲ್ಕು ಕಡೆ ನೋಡಿ ಕೊಳ್ಳಿ. ಒಂದು ಸಮಾಧಾನ ಏನೆಂದರೆ ಒಂದು ಎದೆಮಟ್ಟದ ಪುತ್ಥಳಿಗೆ ಬಹಳ ಕಡಿಮೆ ಸಾಕು. ಬೆರಳ ತುದಿಯಲ್ಲಿ ತೆಗೆದದ್ದು ಒಂದು ಭುಜಕ್ಕೆ ಧಾರಾಳ ಆಗುತ್ತದೆ.

ಹಚ್ಚುವ ಮುಂಚಿನ ಕೆಲಸವೇ ದೊಡ್ಡದು. ಡಬ್ಬಿಯ ಮೇಲಿನ ನಾಲ್ಕು ಸಾಲು ಓದಿ ಅದು ಗೊತ್ತಾಗುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಪುತ್ಥಳಿಗೆ ಶಾಲೆಯ ಒಂದು ಹಬ್ಬದ ನೆಪದಲ್ಲಿ ಬಂಗಾರದ ಬಣ್ಣದ ಎನಾಮಲ್ ಬಳಿದಿದ್ದರು. ಕೆಲಸ ಹಿಡಿದ ಗುತ್ತಿಗೆದಾರರಿಗೆ ಅದು ಕಂಚು ಅನ್ನುವುದೇ ತಲೆಗೆ ಹೋಗಿರಲಿಲ್ಲ. ಗೇಟಿಗೆ ಬಳಿದ ಹಾಗೆ ಬಳಿದು ಹೋದರು. ನೋಡಿ ನನಗೆ ಹೊಟ್ಟೆ ಉರಿಯಿತು. ಕಂಚಿನ ಮೇಲೆ ಶಿಲ್ಪಿ ಕೆತ್ತಿದ ಹುಬ್ಬಿನ ಗೆರೆ, ಶಾಲಿನ ನೇಯ್ಗೆ, ಕನ್ನಡಕದ ಅಂಚು ಎಲ್ಲ ಬಣ್ಣದ ಕೆಳಗೆ ಮುಚ್ಚಿಹೋಯಿತು. ಎರಡು ಮಳೆಗಾಲ ಕಳೆಯುವ ಹೊತ್ತಿಗೆ ಬಣ್ಣ ಸಿಪ್ಪೆ ಎದ್ದಿತು. ಆ ಸಿಪ್ಪೆಯ ಅಡಿಗೆ ಉಪ್ಪುನೀರು ನುಗ್ಗಿ ಅಲ್ಲೇ ನಿಂತಿತು. ಬಣ್ಣ ಇಲ್ಲದಿದ್ದರೆ ಆ ನೀರು ಹರಿದು ಹೋಗಿ ಗಾಳಿಗೆ ಒಣಗುತ್ತಿತ್ತು. ನಮ್ಮ ಊರುಗಳಲ್ಲಿ ಎಷ್ಟು ಪ್ರತಿಮೆಗಳಿಗೆ ಪ್ರತಿವರ್ಷ ಜಯಂತಿಯ ಹಿಂದಿನ ದಿನ ಹೀಗೆ ಬಣ್ಣ ಬಳಿಯುತ್ತಾರೆ ನೋಡಿ. ಸಿಮೆಂಟಿನದಕ್ಕೆ ಬಳಿಯಲಿ, ಫೈಬರಿನದಕ್ಕೆ ಬಳಿಯಲಿ. ಕಂಚಿಗೆ ದಯವಿಟ್ಟು ಬೇಡ.

ಆ ಬಣ್ಣ ತೆಗೆದದ್ದು ನಾನಲ್ಲ. ನಮ್ಮ ಶಾಲೆಯಲ್ಲೇ ಓದಿದ ಹುಡುಗಿಯೊಬ್ಬಳು ಈಗ ಲೋಹದ ವಸ್ತುಗಳ ಸಂರಕ್ಷಣೆ ಕೆಲಸ ಮಾಡುತ್ತಾಳೆ. ಅವಳು ರಜೆಯಲ್ಲಿ ಬಂದಾಗ ಜೆಲ್ ರೂಪದ ಪೇಂಟ್ ರಿಮೂವರ್ ಹಚ್ಚಿ, ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆದಳು. ತಂತಿ ಬ್ರಷ್ ಮುಟ್ಟಲು ಬಿಡಲಿಲ್ಲ. ಉಜ್ಜುಕಾಗದವನ್ನೂ ಬಿಡಲಿಲ್ಲ. "ಟೀಚರ್, ಒಂದು ಸಲ ಗೀರು ಬಿದ್ದರೆ ಅದು ಹೋಗುವುದಿಲ್ಲ. ಅಲ್ಲೇ ನೀರು ನಿಲ್ಲುತ್ತದೆ" ಅಂದಳು. ನಾನು ಬೇಸಿನ್ ಹಿಡಿದು ನಿಂತಿದ್ದೆ, ನೋಡಿ ಕಲಿತೆ.

ಬಣ್ಣ ಹೋದ ಮೇಲೆ ಕಂಚಿನ ನಿಜವಾದ ಮುಖ ಕಂಡಿತು. ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಹೇಳಲೇಬೇಕು, ಅದು ಗೊತ್ತಿಲ್ಲದಿದ್ದರೆ ಮೇಣ ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು ಅನ್ನುವುದು ಗೊತ್ತಾಗುವುದಿಲ್ಲ. ಕಂಚು ಅಂದರೆ ಮುಖ್ಯವಾಗಿ ತಾಮ್ರ ಮತ್ತು ತವರ. ಪ್ರತಿಮೆಯ ಎರಕದಲ್ಲಿ ಸತು, ಸೀಸವೂ ಸೇರಿರುವುದು ಸಾಮಾನ್ಯ. ಗಾಳಿಗೆ ಇಟ್ಟರೆ ಮೊದಲು ಕಂದು ಕೆಂಪಿನ ಒಂದು ಪದರ ಬರುತ್ತದೆ, ಅದು ತಾಮ್ರದ ಆಕ್ಸೈಡ್. ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಲೋಹವನ್ನು ಕಾಪಾಡುತ್ತದೆ. ಪೇಟೆಯ ಹೊಗೆಯಲ್ಲಿ ಗಂಧಕದ ಅಂಶ ಇರುವುದರಿಂದ ಅಲ್ಲಿ ಮೇಲೊಂದು ಹಸಿರು ಪದರ ಬೆಳೆಯುತ್ತದೆ, ಅದು ತಾಮ್ರದ ಸಲ್ಫೇಟ್. ಆಮ್ಲ ಸೇರಿದ ಮಳೆ ಈ ಹಸಿರನ್ನು ಕರಗಿಸಿ ಕೆಳಗೆ ಇಳಿಸುತ್ತದೆ. ಪ್ರತಿಮೆಗಳ ಮುಖದ ಮೇಲೆ ಅತ್ತ ಹಾಗೆ ಕಾಣುವ ಹಸಿರು, ಕಪ್ಪು ಗೆರೆಗಳು ಬರುವುದು ಹೀಗೆ. ಮಳೆ ಬೀಳುವ ಕಡೆ ತಿಳಿ ಹಸಿರು, ಮಳೆ ತಾಗದ ಸಂದಿನಲ್ಲಿ ಕಪ್ಪು.

ಹಸಿರು ಕಂಡ ಕೂಡಲೇ ನಮ್ಮವರು ಕಿಲುಬು ಹಿಡಿಯಿತು ಅಂತ ಹುಣಸೆಹಣ್ಣು ತರುತ್ತಾರೆ. ದೇವರ ಕೋಣೆಯ ದೀಪಕ್ಕೆ, ತಂಬಿಗೆಗೆ ಅದು ಸರಿ. ದಿನಾ ತೊಳೆದು ಒರೆಸಿ ಒಳಗಿಡುವ ಪಾತ್ರೆ ಅದು. ಬಯಲ ಪ್ರತಿಮೆಗೆ ಹುಣಸೆಹಣ್ಣು, ಉಪ್ಪು ಸೇರಿಸಿದ ನಿಂಬೆಹಣ್ಣು, ಹಿತ್ತಾಳೆ ಉಜ್ಜುವ ಪುಡಿ ಯಾವುದೂ ಬೇಡ. ಹುಳಿ ಆ ಕಾಪಾಡುವ ಪದರವನ್ನೇ ಕಿತ್ತು ಬರಿಮೈ ಮಾಡುತ್ತದೆ. ಉಪ್ಪು ಇನ್ನೂ ಕೆಟ್ಟದ್ದು. ಎರಕದ ಸಣ್ಣ ರಂಧ್ರಗಳಲ್ಲಿ ಉಪ್ಪಿನ ಕ್ಲೋರೈಡ್ ಅಂಶ ಕೂತರೆ ತಾಮ್ರದ ಜೊತೆ ಸೇರಿ ಕ್ಯುಪ್ರಸ್ ಕ್ಲೋರೈಡ್ ಆಗುತ್ತದೆ. ಅದಕ್ಕೆ ತೇವ, ಗಾಳಿ ಸಿಕ್ಕರೆ ತಿಳಿ ಹಸಿರು ಪುಡಿಯೂ ಹೈಡ್ರೋಕ್ಲೋರಿಕ್ ಆಮ್ಲವೂ ಹುಟ್ಟುತ್ತವೆ. ಆ ಆಮ್ಲ ಮತ್ತೆ ತಾಮ್ರವನ್ನು ತಿನ್ನುತ್ತದೆ. ಮತ್ತೆ ಕ್ಲೋರೈಡ್, ಮತ್ತೆ ಪುಡಿ. ಇದನ್ನೇ ಕಂಚಿನ ರೋಗ ಅನ್ನುವುದು. ಗಾಳಿಯ ತೇವ ಶೇಕಡಾ 40-45 ದಾಟಿದರೆ ಇದು ಜೋರಾಗುತ್ತದೆ ಅನ್ನುತ್ತಾರೆ. ಕರಾವಳಿಯಲ್ಲಿ ಅದಕ್ಕಿಂತ ಕಡಿಮೆ ತೇವ ಇರುವ ದಿನ ಹುಡುಕಬೇಕು ಅಷ್ಟೇ.

ಗುರುತಿಸುವುದು ಕಷ್ಟವಿಲ್ಲ. ಒಳ್ಳೆಯ ಹಸಿರು ಗಟ್ಟಿಯಾಗಿ, ಸಮನಾಗಿ ಇರುತ್ತದೆ, ಉಗುರಿಗೆ ಬರುವುದಿಲ್ಲ. ರೋಗದ ಹಸಿರು ಬಿಳಚಿಕೊಂಡ ಪುಡಿ, ಚುಕ್ಕೆ ಚುಕ್ಕೆಯಾಗಿ ಏಳುತ್ತದೆ, ಮುಟ್ಟಿದರೆ ಉದುರುತ್ತದೆ. ಒರೆಸಿ ತೆಗೆದರೆ ಕೆಲವೇ ದಿನದಲ್ಲಿ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ನಮ್ಮ ಪುತ್ಥಳಿಯ ಶಾಲಿನ ಮಡಿಕೆಯಲ್ಲಿ ಅಂಥ ಒಂದು ಜಾಗ ಇತ್ತು. ಅದರ ಮೇಲೆ ರೆನೆಸಾನ್ಸ್ ವ್ಯಾಕ್ಸ್ ಹಚ್ಚಿದರೆ ಏನೂ ಪ್ರಯೋಜನ ಇಲ್ಲ. ರೋಗ ಮೇಣದ ಅಡಿಯಲ್ಲೇ ಬೆಳೆಯುತ್ತದೆ. ಆ ಜಾಗಕ್ಕೆ ನಮ್ಮ ಹುಡುಗಿ ಬೆಂಜೋಟ್ರಯಜೋಲ್ ಅನ್ನುವ ರಾಸಾಯನಿಕದ ದ್ರಾವಣ ಹಚ್ಚಿದಳು. ತಾಮ್ರದ ಮೇಲೆ ತೆಳುವಾದ ಪದರ ಕಟ್ಟಿ ಸವೆತ ತಡೆಯುತ್ತದೆ. 1960ರ ದಶಕದಿಂದ ಸಂಗ್ರಹಾಲಯಗಳಲ್ಲಿ ಬಳಕೆಯಲ್ಲಿದೆ. ಆರೋಗ್ಯಕ್ಕೆ ಅಪಾಯ ಇರುವ ವಸ್ತು, ಕೈಗವಸು, ಮುಖವಾಡ ಬೇಕು, ಕಲಿತವರೇ ಮುಟ್ಟಬೇಕು. ಶಾಲೆಯ ಮಕ್ಕಳ ಎದುರು ಅದನ್ನು ತೆರೆಯಲೂ ಅವಳು ಒಪ್ಪಲಿಲ್ಲ, ರಜಾದಿನ ನೋಡಿ ಮಾಡಿದಳು.

ತೊಳೆಯುವುದಕ್ಕೆ ನಮ್ಮ ಬಾವಿನೀರು ಬೇಡ ಅಂದೆ. ಬೇಸಿಗೆಯಲ್ಲಿ ಕಡಲ ಹತ್ತಿರದ ಬಾವಿಗಳಲ್ಲಿ ಉಪ್ಪು ಏರುತ್ತದೆ, ಕುಡಿದವರಿಗೆ ಗೊತ್ತು. ಮೊದಲ ತೊಳೆತಕ್ಕೆ ಟ್ಯಾಂಕಿನ ಸಿಹಿನೀರು, ಬ್ಲೀಚ್ ಇಲ್ಲದ ಸೌಮ್ಯ ದ್ರವ ಸೋಪು ಕೆಲವೇ ಹನಿ, ಮೆತ್ತನೆಯ ಬ್ರಷ್. ಕೊನೆಯ ತೊಳೆತಕ್ಕೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್. ಹಕ್ಕಿಯ ಹಿಕ್ಕೆ ಗಟ್ಟಿಯಾಗಿದ್ದರೆ ಒದ್ದೆ ಬಟ್ಟೆ ಇಟ್ಟು ನೆನೆಸಿ ತೆಗೆಯಬೇಕು. ಕಾರು ತೊಳೆಯುವ ಜೋರು ಪೈಪು ಯಾವ ಕಾರಣಕ್ಕೂ ಬೇಡ.

ಇನ್ನೊಂದು ವಿಷಯ. ಪುತ್ಥಳಿ ಒಳಗೆ ಟೊಳ್ಳು. ಎಲ್ಲಿಂದಲಾದರೂ ನೀರು ಒಳಗೆ ಇಳಿಯುತ್ತದೆ, ಅದು ಹೊರಗೆ ಹೋಗಲು ಬುಡದಲ್ಲಿ ತೂತು ಇರಬೇಕು. ನಮ್ಮದರಲ್ಲಿ ತೂತು ಇತ್ತು, ಪೀಠಕ್ಕೆ ಕೂರಿಸುವಾಗ ಸಿಮೆಂಟ್ ಮೆತ್ತಿ ಮುಚ್ಚಿದ್ದರು. ಗಾರೆ ಕೆಲಸದವರನ್ನು ಕರೆಸಿ ಆ ಸಿಮೆಂಟ್ ಬಿಡಿಸಿದೆವು. ತುಕ್ಕಿನ ಬಣ್ಣದ ನೀರು ಸುಮಾರು ಹೊತ್ತು ಸುರಿಯಿತು. ಒಳಗೆ ಆಧಾರಕ್ಕೆ ಕಬ್ಬಿಣದ ಸರಳು ಇಟ್ಟಿದ್ದಾರೆ ಅಂತ ಆಗ ಗೊತ್ತಾಯಿತು. ಕಬ್ಬಿಣ ಮತ್ತು ಕಂಚು ಒಂದಕ್ಕೊಂದು ತಾಗಿ ನೀರಲ್ಲಿ ನೆನೆದರೆ ಕಬ್ಬಿಣ ಬೇಗ ತುಕ್ಕು ಹಿಡಿದು ಉಬ್ಬುತ್ತದೆ, ಕಂಚನ್ನು ಒಳಗಿನಿಂದ ಸೀಳಬಲ್ಲದು. ಹೊರಗೆ ಎಂಥ ಮೇಣ ಹಚ್ಚಿದರೂ ಇದಕ್ಕೆ ಔಷಧಿ ಆಗುವುದಿಲ್ಲ. ಹೀಗಾಗಿ ನಿಮ್ಮ ಪ್ರತಿಮೆಗೆ ಮೇಣ ತರಿಸುವ ಮುಂಚೆ ಬುಡದಲ್ಲಿ ಬಗ್ಗಿ ನೋಡಿ.

ಇಷ್ಟಾದ ಮೇಲೆ ಮೇಣ. ಒಂದು ಇಡೀ ದಿನ ಬಿಸಿಲಿಗೆ ಒಣಗಲು ಬಿಟ್ಟು, ಮಾರನೇ ದಿನ ಬೆಳಿಗ್ಗೆ ಕಂಚು ಉಗುರು ಬೆಚ್ಚಗಾದ ಹೊತ್ತಿಗೆ ಹಚ್ಚಿದೆವು. ಬೆಚ್ಚಗಿದ್ದರೆ ಮೇಣ ಸಣ್ಣ ರಂಧ್ರಕ್ಕೆ ಇಳಿಯುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ದೊಡ್ಡ ಪ್ರತಿಮೆಗಳಿಗೆ ಗ್ಯಾಸ್ ಟಾರ್ಚಿನಿಂದ ಲೋಹ ಕಾಯಿಸಿ ಮೇಣ ಕರಗಿಸಿ ಹಚ್ಚುವ ಕ್ರಮವೂ ಇದೆ, ಅದು ಇನ್ನೂ ಗಟ್ಟಿ ಪದರ ಕೊಡುತ್ತದೆ. ಆದರೆ ಅದು ಪಳಗಿದ ಕೈಯ ಕೆಲಸ. ಈ ಪೇಸ್ಟ್‌ನ ಗುಣ ಅಂದರೆ ಬೆಂಕಿ ಬೇಕಿಲ್ಲ. ಹಳೆ ಬನಿಯನ್ ಬಟ್ಟೆಯಲ್ಲಿ ತೆಳ್ಳಗೆ ಹಚ್ಚಬೇಕು, ಸಂದುಗಳಿಗೆ ಮೆತ್ತನೆಯ ಬ್ರಷ್. ಸ್ವಲ್ಪ ಹೊತ್ತಿಗೆ ವೈಟ್ ಸ್ಪಿರಿಟ್ ಆರಿ ಮೇಣ ಗಟ್ಟಿಯಾಗುತ್ತದೆ. ಆಗ ಒಣ ಬಟ್ಟೆಯಲ್ಲಿ ಒರೆಸಬೇಕು. ಒಂದೊಂದು ಭಾಗ ಮುಗಿಸಿ ಮುಂದೆ ಹೋಗಿ, ಪೂರ್ತಿ ಹಚ್ಚಿ ಆಮೇಲೆ ಒರೆಸುತ್ತೇನೆ ಅಂದರೆ ಒರಟಾಗಿ ಗಟ್ಟಿಯಾಗಿಬಿಡುತ್ತದೆ.

ಹಚ್ಚಿದ ಕೂಡಲೇ ಕಾಣುವ ಬದಲಾವಣೆ ಬೆರಗು ತರುವಂಥದ್ದು. ಬಿಳಚಿಕೊಂಡ ಹಸಿರು ಗಾಢವಾಗುತ್ತದೆ, ಕಂದು ಬಣ್ಣಕ್ಕೆ ಆಳ ಬರುತ್ತದೆ. ಮುಖದ ಗೆರೆಗಳು ಎದ್ದು ಕಾಣುತ್ತವೆ. ಶಾಲಿನ ಅಂಚಿನಲ್ಲಿ ಸಣ್ಣ ಬಳ್ಳಿ ಕೆತ್ತನೆ ಇದೆ ಅಂತ ಅಷ್ಟು ವರ್ಷ ಅಲ್ಲೇ ಓಡಾಡಿದ ನನಗೂ ಗೊತ್ತಿರಲಿಲ್ಲ. ಶಾಲೆಯ ಅಟೆಂಡರ್ ಮಾತ್ರ ಬಂದು ನೋಡಿ, "ಎಂತ ಟೀಚರೇ, ಇದ್ರಲ್ಲಿ ಹೊಳಪೇ ಇಲ್ಲ ಅಲ್ಲ?" ಅಂದ. ಹೌದು, ಇದು ಥಳಥಳ ಹೊಳೆಯುವುದಿಲ್ಲ. ಮೆದುವಾದ ಮಿರುಗು ಅಷ್ಟೇ. ಬಂಗಾರದ ಹಾಗೆ ಕಾಣಬೇಕು ಅನ್ನುವವರಿಗೆ ಈ ಡಬ್ಬಿ ನಿರಾಸೆ ಮಾಡುತ್ತದೆ. ನನಗೆ ಬೇಕಾದದ್ದು ಕಂಚು ಕಂಚಿನ ಹಾಗೆ ಕಾಣುವುದು, ಅದು ಸಿಕ್ಕಿತು.

ಮಳೆಗಾಲದಲ್ಲಿ ಅದರ ಯೋಗ್ಯತೆ ಗೊತ್ತಾಯಿತು. ಜೂನ್‌ನಲ್ಲಿ ನೀರು ಮುತ್ತಿನ ಹಾಗೆ ಹನಿಗಟ್ಟಿ ಜಾರುತ್ತಿತ್ತು. ಆಗಸ್ಟ್ ಬರುವ ಹೊತ್ತಿಗೆ ನೆತ್ತಿ ಮತ್ತು ಭುಜದ ಮೇಲೆ ಹನಿ ಕಟ್ಟುವುದು ನಿಂತಿತು, ನೀರು ಹರಡಿ ಲೋಹ ಒದ್ದೆಯಾಗತೊಡಗಿತು. ಗದ್ದದ ಕೆಳಗೆ, ಶಾಲಿನ ಮಡಿಕೆಯಲ್ಲಿ ದಸರಾ ಕಳೆದರೂ ಹನಿ ಕಟ್ಟುತ್ತಿತ್ತು. ಅಂದರೆ ನೇರ ಮಳೆ ಹೊಡೆತ ಬೀಳುವ ಜಾಗದಲ್ಲಿ ಇದು ಒಂದು ಕರಾವಳಿ ಮಳೆಗಾಲವನ್ನು ಪೂರ್ತಿ ತಾಳುವುದಿಲ್ಲ. ವರ್ಷಕ್ಕೊಮ್ಮೆ ಹಚ್ಚಿ ಎಂದು ಸಾಮಾನ್ಯವಾಗಿ ಹೇಳುವ ಲೆಕ್ಕ ನಮ್ಮ ಮಳೆ ನೋಡಿ ಹೇಳಿದ್ದಲ್ಲ. ಮೇ ತಿಂಗಳಲ್ಲಿ ಒಂದು ಸಲ, ಮಳೆ ಬಿಟ್ಟ ಮೇಲೆ ತೊಳೆದು ಇನ್ನೊಂದು ಸಲ, ಇದು ನಾವು ಕಂಡುಕೊಂಡ ಕ್ರಮ. ನೆತ್ತಿ, ಭುಜಕ್ಕೆ ಎರಡು ತೆಳು ಪದರ. ಮೈಸೂರು, ಬಳ್ಳಾರಿ ಕಡೆಯವರಿಗೆ ಬಹುಶಃ ವರ್ಷಕ್ಕೊಂದು ಸಲ ಸಾಕಾಗಬಹುದು. ನೀರು ಹಾಕಿ ನೋಡಿ, ಹನಿ ಕಟ್ಟದಿದ್ದರೆ ಹಚ್ಚುವ ಕಾಲ ಬಂತು ಅಂತ ಅರ್ಥ.

ದೋಷಗಳನ್ನೂ ಹೇಳುತ್ತೇನೆ. ದಪ್ಪ ಹಚ್ಚಿದರೆ ಸಂದುಗಳಲ್ಲಿ ಬೆಳ್ಳಗೆ ಉಳಿಯುತ್ತದೆ, ತಲೆಗೂದಲಿನ ಕೆತ್ತನೆಯಲ್ಲಿ ಸುಣ್ಣ ಮೆತ್ತಿದ ಹಾಗೆ ಕಾಣುತ್ತದೆ. ಅದನ್ನು ಮತ್ತೆ ಬ್ರಷ್ ಹಿಡಿದು ಬಿಡಿಸಬೇಕು. ಬೇಸಿಗೆಯಲ್ಲಿ ಲೋಹ ಕಾದಾಗ ಸ್ವಲ್ಪ ಧೂಳು ಹಿಡಿಯುತ್ತದೆ, ರಸ್ತೆ ಬದಿಯ ಪ್ರತಿಮೆಯಲ್ಲಿ ಇದು ಇನ್ನೂ ಜಾಸ್ತಿ ಇರುತ್ತದೆ. ವಾಸನೆ ಕೆಲವರಿಗೆ ತಲೆನೋವು ತರುತ್ತದೆ, ಬಯಲಲ್ಲೇ ಕೆಲಸ ಮಾಡಿ, ಕೈಗವಸು ಹಾಕಿ, ಬೀಡಿ ಸೇದುವವರನ್ನು ದೂರ ನಿಲ್ಲಿಸಿ. ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ಹರಡಿ ಒಣಗಿಸಿ.

ಇದರ ಬದಲು ಲ್ಯಾಕರ್, ಅಂದರೆ ಗಟ್ಟಿಯಾದ ಪಾರದರ್ಶಕ ವಾರ್ನಿಷ್, ಹೊಡೆಸಿ, ವರ್ಷಗಟ್ಟಲೆ ಚಿಂತೆ ಇಲ್ಲ ಅಂತ ನನಗೆ ಹೇಳಿದವರಿದ್ದಾರೆ. ಇನ್‌ಕ್ರಾಲ್ಯಾಕ್ ಅನ್ನುವ ಅಕ್ರಿಲಿಕ್ ಲ್ಯಾಕರ್ 1960ರ ದಶಕದಲ್ಲಿ ತಾಮ್ರದ ಲೋಹಗಳಿಗಾಗಿಯೇ ಬಂದದ್ದು. ಅದರಲ್ಲೂ ಬೆಂಜೋಟ್ರಯಜೋಲ್ ಇದೆ. ಮೇಣಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ, ಅದು ನಿಜ. ಆದರೆ ಒಂದು ಕಡೆ ಬಿರುಕು ಬಿಟ್ಟರೆ ಅಲ್ಲಿಂದ ನೀರು ನುಗ್ಗಿ ಅಡಿಯಲ್ಲೇ ಹರಡುತ್ತದೆ. ಆಗ ಪೂರ್ತಿ ಬಿಡಿಸಿ ಹೊಸದಾಗಿ ಹೊಡೆಯಬೇಕು, ಅದಕ್ಕೆ ಟಾಲ್ವೀನ್‌ನಂಥ ದ್ರಾವಕ ಬೇಕು, ಕಲಿತ ಜನ ಬೇಕು. ಒಂದು ಹಳ್ಳಿ ಶಾಲೆಗೆ ಅದು ಎಟುಕುವ ಮಾತಲ್ಲ. ರೆನೆಸಾನ್ಸ್ ವ್ಯಾಕ್ಸ್ ಬೇಡ ಅನ್ನಿಸಿದರೆ ವೈಟ್ ಸ್ಪಿರಿಟ್ ತಾಗಿಸಿದ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ನಾಳೆ ನಮಗಿಂತ ಚೆನ್ನಾಗಿ ತಿಳಿದವರು ಬಂದು ಬೇರೆ ರೀತಿ ಮಾಡಬೇಕು ಅಂದರೆ ಅವರ ದಾರಿಗೆ ಇದು ಅಡ್ಡ ಬರುವುದಿಲ್ಲ. ನಾನು ಇದನ್ನು ಮೆಚ್ಚುವುದಕ್ಕೆ ಮುಖ್ಯ ಕಾರಣ ಇದೇ.

ಮೇಣವೇ ಎಲ್ಲವನ್ನೂ ಉಳಿಸುತ್ತದೆ ಅಂತ ನಂಬಿಕೊಂಡು ಕೂರಬಾರದು. ರೋಮ್‌ನ ಕ್ಯಾಪಿಟೊಲೈನ್ ಬೆಟ್ಟದ ಚೌಕದಲ್ಲಿ ಶತಮಾನಗಳ ಕಾಲ ನಿಂತಿದ್ದ ಮಾರ್ಕಸ್ ಅರೇಲಿಯಸ್ ಚಕ್ರವರ್ತಿಯ ಕುದುರೆ ಸವಾರಿ ಪ್ರತಿಮೆಯನ್ನು 1981ರಲ್ಲಿ ಇಳಿಸಿ ದುರಸ್ತಿಗೆ ಒಯ್ದರು. ಈಗ ಅದು ಸಂಗ್ರಹಾಲಯದ ಒಳಗಿದೆ, ಚೌಕದಲ್ಲಿ ಇರುವುದು ನಕಲು. ವೆನಿಸ್‌ನ ಸಂತ ಮಾರ್ಕ್ ಚರ್ಚಿನ ನಾಲ್ಕು ಕುದುರೆಗಳದ್ದೂ ಇದೇ ಕತೆ. ನಮ್ಮಲ್ಲೂ ಹಳೆಯವು ಇವೆ. ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಬೆಂಗಳೂರಿನ ಕುದುರೆ ಸವಾರಿ ಪ್ರತಿಮೆ ಮರೊಚೆಟ್ಟಿ ಎಂಬ ಶಿಲ್ಪಿಯದು, 1866ರದು, ಈಗ ಕಬ್ಬನ್ ಪಾರ್ಕಿನ ಒಳಗಿದೆ. ಇತ್ತೀಚಿನವೂ ಇವೆ. 2022ರಲ್ಲಿ ವಿಮಾನ ನಿಲ್ದಾಣದ ಬಳಿ ನಿಂತ 108 ಅಡಿಯ ಕೆಂಪೇಗೌಡರ ಪ್ರತಿಮೆಗೆ 98 ಟನ್ ಕಂಚು ಹೋಗಿದೆ. ಅಂಥ ದೊಡ್ಡ ಕೆಲಸಕ್ಕೂ, ನೂರು ವರ್ಷ ದಾಟಿದ ಯಾವ ಪ್ರತಿಮೆಗೂ ಡಬ್ಬಿ ಹಿಡಿದು ಸುಮ್ನೆ ಹತ್ತಬೇಡಿ. ಮೈಸೂರಿನಲ್ಲಿ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಸಂಸ್ಥೆ ಇಂಟಾಕ್‌ನ ಸಂರಕ್ಷಣಾ ಕೇಂದ್ರ ಇದೆ. ಮೊದಲು ಅಂಥವರನ್ನು ಕೇಳಿ.

ಮೇಣ ಬಂದ ಮೇಲೆ ನಮ್ಮ ಶಾಲೆಯಲ್ಲಿ ಹಾರ ಹಾಕುವ ಪದ್ಧತಿಯೂ ಬದಲಾಯಿತು. ಮೊದಲು ಶಿಕ್ಷಕರ ದಿನ ಹಾಕಿದ ಚೆಂಡುಹೂವಿನ ಹಾರ ಕೊಳೆತು ಕಪ್ಪಾಗಿ ತಾನಾಗಿ ಬೀಳುವವರೆಗೂ ಕೊರಳಲ್ಲೇ ಇರುತ್ತಿತ್ತು. ಹಾರದ ಒಳಗಿನ ಕಬ್ಬಿಣದ ತಂತಿ ತುಕ್ಕಿನ ಗೆರೆ ಬಿಡುತ್ತಿತ್ತು. ಈಗ ಬಾಳೆನಾರಿನಲ್ಲಿ ಕಟ್ಟಿದ ಹಾರ, ಸಂಜೆಗೆ ತೆಗೆಯುವುದು. ಹಣೆಗೆ ಕುಂಕುಮ ಇಡುವುದು ಬೇಡ, ಪೀಠದ ಮೇಲೆ ತಟ್ಟೆಯಲ್ಲಿಡಿ ಅಂದೆವು. ಕುಂಕುಮದಲ್ಲಿ ಸುಣ್ಣ ಇರುತ್ತದೆ, ಕಂಚಿನ ಮೇಲೆ ಕಲೆ ಬೀಳುತ್ತದೆ. ಹಿರಿಯರೊಬ್ಬರು ಬೇಸರ ಮಾಡಿಕೊಂಡರು. ಶಾಲಿನ ಬಳ್ಳಿ ಕೆತ್ತನೆ ತೋರಿಸಿದ ಮೇಲೆ ಒಪ್ಪಿದರು.

ಕೊಳ್ಳುವವರಿಗೆ ಒಂದು ಸಲಹೆ. ಒಂದು ಶಾಲೆಗೆ, ಒಂದು ಪಂಚಾಯಿತಿಗೆ ಒಂದು ಡಬ್ಬಿ ಹೆಚ್ಚಾಗುತ್ತದೆ. ಕಂಚಿನ ಪುತ್ಥಳಿ ಇರುವ ಅಕ್ಕಪಕ್ಕದ ಎರಡು ಮೂರು ಸಂಸ್ಥೆಗಳು ಸೇರಿ ಒಂದು ತರಿಸಿ, ಬೆಲೆ ಆಗ ಭಾರ ಅನ್ನಿಸುವುದಿಲ್ಲ. ಬಳಸಿದ ಕೂಡಲೇ ಮುಚ್ಚಳ ಬಿಗಿಯಾಗಿ ಹಾಕಿ, ಇಲ್ಲದಿದ್ದರೆ ಸ್ಪಿರಿಟ್ ಆರಿ ಮೇಣ ಕಲ್ಲಾಗುತ್ತದೆ. ನಮ್ಮ ಡಬ್ಬಿ ಈಗ ಸ್ಟಾಫ್ ರೂಮಿನ ಬೀರುವಿನಲ್ಲಿದೆ, ಪಕ್ಕದಲ್ಲೇ ಬಟ್ಟೆ, ಬ್ರಷ್, ಮತ್ತು ಯಾವ ತಿಂಗಳು ಯಾರು ಹಚ್ಚಿದರು ಎಂದು ಬರೆಯುವ ಒಂದು ನೋಟ್‌ಬುಕ್.